ನಿವೃತ್ತಿಯ ನಂತರ ‘ನಾನು ಯಾರು’: ಇಷ್ಟಲಿಂಗ ಪೂಜೆ ಮತ್ತೆ ಹಿಡಿಯುವುದು ಹೇಗೆ?

ಸಂಜೆಬೆಳಕು ಕೇಳಿದ್ದು:

ಶರಣು ಶರಣಾರ್ಥಿ. ಈ ತಿಂಗಳ ಕೊನೆಗೆ ನೌಕರಿಯಿಂದ ನಿವೃತ್ತಿ. ಹೆಸರಿನ ಜೊತೆಗೆ ಹುದ್ದೆ ಹೇಳಿಯೇ ರೂಢಿ, ಅದು ಹೋದ ಮೇಲೆ ಏನೆಂದು ಹೇಳಿಕೊಳ್ಳುವುದು? ಇಷ್ಟಲಿಂಗ ದೀಕ್ಷೆ ಚಿಕ್ಕಂದಿನಲ್ಲೇ ಆಗಿದೆ, ಆದರೆ ಲಿಂಗವಿಟ್ಟ ಪುಟ್ಟ ಡಬ್ಬಿ, ಅಂದರೆ ಕರಡಿಗೆ, ದೇವರ ಗೂಡಿನಲ್ಲೇ ಉಳಿದಿದೆ. ಲಿಂಗದ ಮೇಲಿನ ಕಂತಿಯಲ್ಲಿ ಸಣ್ಣ ಬಿರುಕು ಕಾಣುತ್ತಿದೆ, ಪೂಜೆಗೆ ಬರುತ್ತದೆಯೆ? ದಿನದ ಕ್ರಮ ಹೇಗೆ? ಇದರಿಂದ ‘ನಾನು’ ಎಂಬ ಪ್ರಶ್ನೆ ಹೇಗೆ ಬಗೆಹರಿಯುತ್ತದೆ? ಬಲ್ಲವರು ಬಿಡಿಸಿ ಹೇಳಿ.

ಕರಸ್ಥಲ:

ಶರಣಾರ್ಥಿ ಅಣ್ಣಾವ್ರೆ. ಮೊದಲು ಕಂತಿಯ ವಿಚಾರ. ಕಂತಿ ಎಂದರೆ ಒಳಗಿನ ಶಿಲಾಲಿಂಗದ ಮೇಲಿನ ಕಪ್ಪು ಲೇಪ. ಬಿರುಕು ಲೇಪದಲ್ಲಷ್ಟೇ ಇದ್ದರೆ ಮಠಕ್ಕೆ ಒಯ್ದು ಹೊಸ ಕಂತಿ ಮಾಡಿಸಬಹುದು. ಮನೆಯಲ್ಲಿ ಮೇಣ, ಅಂಟು, ಬಣ್ಣ ಹಚ್ಚಲು ಹೋಗಬೇಡಿ. ಮೇಲ್ಮೈಯ ಹೊಳಪು ಕೆಡುತ್ತದೆ, ದೃಷ್ಟಿ ನಿಲ್ಲಿಸಲು ಬೇಕಾದದ್ದೇ ಆ ಹೊಳಪು. ಬಿಸಿನೀರು, ನೇರ ಬಿಸಿಲು, ತೀರ ಹತ್ತಿರ ಹಿಡಿದ ಕರ್ಪೂರ, ಇವು ಲೇಪವನ್ನು ಕೆಡಿಸುತ್ತವೆ. ಒಳಗಿನ ಶಿಲೆಯೇ ಭಿನ್ನವಾಗಿದ್ದರೆ ಗುರುಗಳನ್ನು ಕಂಡು ಬೇರೆ ಲಿಂಗ ಪಡೆಯಿರಿ.

ಕ್ರಮ ಮಠದಿಂದ ಮಠಕ್ಕೆ ಅಷ್ಟಿಷ್ಟು ಬೇರೆ, ನಿಮ್ಮ ಗುರುಗಳು ಹೇಳಿದ್ದೇ ಮೊದಲು. ಸಾಮಾನ್ಯವಾಗಿ ಹೀಗೆ: ಸ್ನಾನ ಮಾಡಿ ಪೂರ್ವಕ್ಕೋ ಉತ್ತರಕ್ಕೋ ಮುಖಮಾಡಿ ಕೂತು, ಮೂರು ಬೆರಳಲ್ಲಿ ವಿಭೂತಿ ಧರಿಸಿ, ರುದ್ರಾಕ್ಷಿ ಹಾಕಿಕೊಳ್ಳಿ. ಕರಡಿಗೆ ತೆರೆದು, ವಸ್ತ್ರ ಬಿಡಿಸಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳಿ. ಕೆಳಗೊಂದು ತಟ್ಟೆ ಇರಲಿ, ಕೈ ಜಾರಿದರೂ ನೆಲಕ್ಕೆ ಬೀಳದು. ತಣ್ಣೀರಿನ ಅಭಿಷೇಕಕ್ಕೆ ಎರಡು ಉದ್ಧರಣೆ (ಪೂಜೆಯ ಪುಟ್ಟ ಚಮಚ) ನೀರು ಸಾಕು. ಮೆತ್ತನೆ ಬಟ್ಟೆಯಿಂದ ಒರೆಸಿ, ವಿಭೂತಿ ಇಟ್ಟು, ಒಂದು ಬಿಲ್ವಪತ್ರೆ, ಒಂದು ಹೂ ಏರಿಸಿ. ‘ಓಂ ನಮಃ ಶಿವಾಯ’ 108 ಸಲ ಜಪಿಸಿ.

ಇದರ ನಂತರದ್ದೇ ಮುಖ್ಯ, ಬಹಳ ಜನ ಬಿಡುವುದೂ ಅದನ್ನೇ. ಪತ್ರೆ ಹೂ ತೆಗೆದು, ಅಂಗೈಯನ್ನು ಎದೆಗಿಂತ ತುಸು ಮೇಲೆ ಹಿಡಿದು, ಅರೆತೆರೆದ ಕಣ್ಣಿಂದ ಲಿಂಗವನ್ನೇ ನೋಡುವುದು, ಇದೇ ದೃಷ್ಟಿಯೋಗ. ದೀಪ ಪಕ್ಕಕ್ಕೆ, ಸ್ವಲ್ಪ ಹಿಂದೆ ಇರಲಿ. ಆಗ ಕಂತಿಯ ಮೇಲೆ ಬೆಳಕಿನ ಒಂದು ಚುಕ್ಕೆ ಮೂಡುತ್ತದೆ, ದೃಷ್ಟಿ ಅಲ್ಲಿಡಿ. ದೀಪ ನೇರ ಎದುರಿಗಿದ್ದರೆ ಕಣ್ಣು ಜ್ವಾಲೆಯ ಕಡೆಗೇ ಓಡುತ್ತದೆ. ಮೊದಲ ವಾರ ಐದು ನಿಮಿಷ, ಆಮೇಲೆ ವಾರಕ್ಕೆ ಎರಡೆರಡು ನಿಮಿಷ ಹೆಚ್ಚಿಸುತ್ತ ಇಪ್ಪತ್ತಕ್ಕೆ ನಿಲ್ಲಿಸಿ. ತೋಳು ನಡುಗಿದರೆ ಮೊಣಕೈ ಕೆಳಗೆ ದಿಂಬು ಕೊಡಿ. ಕೊನೆಗೆ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ, ಕರಡಿಗೆಯಲ್ಲಿಟ್ಟು, ಶಿವದಾರದಿಂದ ಎದೆಗೆ ಕಟ್ಟಿಕೊಳ್ಳಿ. ಮತ್ತೆ ಗೂಡಿಗೆ ಇಡಬೇಡಿ. ಮೈಮೇಲೆ ಇರಲಿ ಎಂದೇ ಅದನ್ನು ಕೊಟ್ಟದ್ದು.

ಓಲೆಗರಿ:

‘ನಾನು’ ಎಂಬ ಪ್ರಶ್ನೆಗೆ ವಚನಗಳ ಅಂಕಿತ, ಅಂದರೆ ಕೊನೆಗೆ ಮುದ್ರೆಯಂತೆ ಬರುವ ಹೆಸರು, ನೋಡಿ. ಬಸವಣ್ಣ ಕಲ್ಯಾಣದ ದೊರೆ ಬಿಜ್ಜಳನ ಭಂಡಾರ ನೋಡಿಕೊಂಡವರು, ಆದರೆ ವಚನದ ಕೊನೆಗೆ ಬರುವುದು ಕೂಡಲಸಂಗಮದೇವ. ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ, ದಾಸಿಮಯ್ಯನದು ರಾಮನಾಥ. ತಮ್ಮ ಹೆಸರು ಇರಬೇಕಾದ ಜಾಗದಲ್ಲಿ ದೇವರ ಹೆಸರಿಟ್ಟರು. ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರಲ್ಲೇ ವಚನ ಮುಗಿಸುತ್ತಾನೆ, ಆ ಧೈರ್ಯವೇ ಬೇರೆ.

ಆದರೆ ಕಸುಬನ್ನು ಯಾರೂ ಮುಚ್ಚಿಡಲಿಲ್ಲ. ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ನೇಯುವ ಜೇಡರ ದಾಸಿಮಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಹೆಸರಿನ ಮುಂದೆಯೇ ಕಸುಬು ಇದೆ. ಕೆಲಸ ನಿಮ್ಮ ಗುರುತಲ್ಲ ಎಂದು ಅವರು ಹೇಳಲಿಲ್ಲ, ಕೆಲಸ ಯಾರದ್ದು ಎಂಬುದನ್ನು ಬದಲಿಸಿದರು. ನಿಮ್ಮದು ‘ಅಧಿಕಾರಿಯಾಗಿದ್ದೆ’ ಎಂಬ ಗುರುತು. ಅದು ನಿಂತಿರುವುದು ಬೇರೆಯವರು ಕೊಟ್ಟ ಕುರ್ಚಿಯ ಮೇಲೆ. ಲಿಂಗದ ಗುರುತು ಯಾರೂ ಆದೇಶ ಹೊರಡಿಸಿ ಕೊಟ್ಟದ್ದಲ್ಲ, ಹಿಂತೆಗೆದುಕೊಳ್ಳುವ ದಿನಾಂಕವೂ ಅದಕ್ಕಿಲ್ಲ.

ಬೆಳಗಿನ ಪೂಜೆಯ ನಂತರ ಒಂದೇ ಒಂದು ವಚನ ಗಟ್ಟಿಯಾಗಿ ಓದಿ. ಅಂಕಿತ ಬಂದಲ್ಲಿ ಒಂದು ಉಸಿರು ನಿಲ್ಲಿಸಿ. ದಿನಕ್ಕೆ ಹತ್ತು ಓದಿದರೆ ಒಂದೂ ಉಳಿಯದು.

ನಡುಮನೆ:

ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ, ಆದರೂ ಒಂದು ಎಚ್ಚರ ಬೇಕು. ನಿವೃತ್ತರಲ್ಲಿ ಪೂಜೆ ಎರಡು ರೀತಿ ದಾರಿ ತಪ್ಪುತ್ತದೆ. ಒಂದು, ಖಾಲಿ ಹೊತ್ತು ತುಂಬಲು ಪೂಜೆ ಮೂರು ಗಂಟೆಗೆ ಬೆಳೆಯುವುದು. ಮನೆಯವರು ತಿಂಡಿ ಹಿಡಿದು ಕಾಯುತ್ತಾರೆ, ಕೊನೆಗೆ ಪೂಜೆಯೇ ಜಗಳಕ್ಕೆ ಕಾರಣ. ಒಟ್ಟು ನಲವತ್ತೈದು ನಿಮಿಷ ದಾಟದಂತೆ ನೋಡಿಕೊಳ್ಳಿ. ಇನ್ನೊಂದು ಹೆಚ್ಚು ಕೆಟ್ಟದ್ದು: ‘ಸಾಹೇಬರು’ ಹೋಗಿ ‘ದೊಡ್ಡ ಲಿಂಗಭಕ್ತರು’ ಬರುವುದು. ಕುರ್ಚಿ ಬದಲಾಯಿತು, ಕೂತವನು ಅವನೇ.

ಅದಕ್ಕೇ ಕಾಯಕ (ದುಡಿಮೆ), ದಾಸೋಹ (ಇದ್ದುದನ್ನು ಹಂಚುವುದು) ಎರಡೂ ಬೇಕು. ಹಳೇ ಹುದ್ದೆಯ ಪರಿಚಯ ಬೇಡವಾದ ಕೆಲಸ ಹುಡುಕಿ. ಮಠದ ಪ್ರಸಾದನಿಲಯದಲ್ಲಿ ಬಡಿಸುವುದು, ಮಕ್ಕಳಿಗೆ ಗಣಿತ ಹೇಳಿಕೊಡುವುದು, ವಾರಕ್ಕೆ ಎರಡು ದಿನ ಸಾಕು. ಅಲ್ಲಿ ಹೆಸರಷ್ಟೇ ಹೇಳಿ. ಪೆನ್ಶನ್‌ನಲ್ಲಿ ಒಂದು ಪಾಲನ್ನು ತಿಂಗಳ ಮೊದಲ ದಿನವೇ ದಾಸೋಹಕ್ಕೆ ತೆಗೆದಿಡಿ, ಮಿಕ್ಕಿದ್ದನ್ನು ಕೊಡುತ್ತೇನೆಂದರೆ ಮಿಕ್ಕುವುದಿಲ್ಲ. ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಆ ಲೆಕ್ಕ ನಿಮ್ಮ ಮನೆಯಲ್ಲೂ ಇರಲಿ.

ಇನ್ನೂ ಒಂದು. ಎದೆಯ ಮೇಲೆ ಲಿಂಗ ಕಟ್ಟಿಕೊಂಡು ಎದುರಿನವರ ಜಾತಿ, ಒಳಪಂಗಡ ಕೇಳಬೇಡಿ. ಬಸವಣ್ಣ ಕೀಳುಜಾತಿಯವರೆನಿಸಿಕೊಂಡಿದ್ದ ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತನ್ನ ಬಳಗವೆಂದು ಹೇಳಿಕೊಂಡ ದಾರಿ ಇದು. ಕೇಳಿದ ಕ್ಷಣವೇ ಹಳೇ ಗುರುತು ಹಿಂಬಾಗಿಲಿಂದ ಒಳಬಂದಂತೆ.

ಸಂಜೆಬೆಳಕು:

ಎಲ್ಲರಿಗೂ ಶರಣು. ಕಂತಿಯನ್ನು ಮಠದಲ್ಲಿ ತೋರಿಸುತ್ತೇನೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿ ಎರಡು ವಾರವಾಗಿದೆ. ದೃಷ್ಟಿಯೋಗ ಮಾಡಬಹುದೆ?

ಕರಸ್ಥಲ:

ಕಣ್ಣಿನ ವೈದ್ಯರು ಒಪ್ಪುವವರೆಗೆ ಬೇಡ. ಅಲ್ಲಿಯವರೆಗೆ ಲಿಂಗವನ್ನು ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ, ಅದರ ತೂಕ, ತಂಪಿನ ಮೇಲೆ ಗಮನವಿಟ್ಟು ಜಪ ಮಾಡಿ. ವಿಭೂತಿಯ ಪುಡಿ ಕಣ್ಣಿಗೆ ಉದುರಬಾರದು, ಹಾಗಾಗಿ ವಿಭೂತಿ ಗಟ್ಟಿಯನ್ನು ನೀರಲ್ಲಿ ಚೆನ್ನಾಗಿ ತೇಯ್ದು ತೆಳ್ಳಗೆ ಹಚ್ಚಿ. ಧೂಪದ ಹೊಗೆಯನ್ನೂ ಸದ್ಯಕ್ಕೆ ಬಿಡಿ.