ಒಂದೇ ಇಳಿಜಾರಿಗೆ ಬಿಷಪ್‌ನಲ್ಲಿ 1.41, ಎಫ್‌ಇಎಂನಲ್ಲಿ 1.08: ಯಾವುದನ್ನು ನಂಬಲಿ?

ಘಟ್ಟದಂಚು:
ಉಡುಪಿ ಜಿಲ್ಲೆಯಲ್ಲಿ ರಸ್ತೆಗಾಗಿ ಕಡಿದ 14 ಮೀಟರ್ ಎತ್ತರದ ಗುಡ್ಡಕ್ಕೆ ಸಾಯಿಲ್ ನೇಲಿಂಗ್ (ಮಣ್ಣಿನೊಳಗೆ ಉಕ್ಕಿನ ಸರಳು, ಅಂದರೆ ನೇಲ್‌ಗಳನ್ನು ಹೂತು ಗುಡ್ಡವನ್ನು ಹಿಡಿದಿಡುವುದು) ವಿನ್ಯಾಸ ಮಾಡುತ್ತಿದ್ದೇನೆ. ಬಿಷಪ್ ವಿಧಾನ ಮಣ್ಣು ವೃತ್ತಾಕಾರದ ಮೈ ಮೇಲೆ ಜಾರುತ್ತದೆಂದು ಎಣಿಸಿ ಅದನ್ನು ಹೋಳುಗಳಾಗಿ ಲೆಕ್ಕ ಹಾಕುತ್ತದೆ; ಎಫ್‌ಇಎಂ ಗುಡ್ಡವನ್ನು ಸಣ್ಣ ತುಣುಕುಗಳ ಜಾಲರಿಯಾಗಿ (ಮೆಶ್) ಒಡೆದು ಲೆಕ್ಕ ಹಾಕುತ್ತದೆ. ಮಣ್ಣಿನ ಗುಣಗಳು ಎರಡೂ ಕಡೆ ಒಂದೇ ಆಗಿದ್ದರೂ ಸುರಕ್ಷತಾ ಗುಣಾಂಕದಲ್ಲಿ (ಮಣ್ಣಿನ ತಡೆಬಲಕ್ಕೂ ಜಾರಿಸುವ ಬಲಕ್ಕೂ ಇರುವ ಅನುಪಾತ) ಇಷ್ಟು ಅಂತರ ಬರುತ್ತಿದೆ. ಮೂರು ದಿನಗಳಿಂದ ಇದರಲ್ಲೇ ಸಿಕ್ಕಿಬಿದ್ದಿದ್ದೇನೆ.

ಜಾಲರಿ:
ನಿಮ್ಮ ಮೆಶ್ ಒರಟಾಗಿದೆ. ಸಣ್ಣದು ಮಾಡಿ ನೋಡಿ.

ಘಟ್ಟದಂಚು:
ಮಾಡಿದೆ. 1.06ಕ್ಕೆ ಇಳಿಯಿತು.

ಜಾಲರಿ:
ಹಾಗಾದರೆ 15 ನೋಡ್‌ಗಳ (ಲೆಕ್ಕದ ಬಿಂದುಗಳ) ಎಲಿಮೆಂಟ್, ಅಂದರೆ ಜಾಲರಿ ತುಣುಕು, ಬಳಸಿ. ನನ್ನ 64 ಜಿಬಿ ಯಂತ್ರದಲ್ಲಿ ಅದು ನಿಮಿಷಗಳಲ್ಲಿ ಮುಗಿಯುತ್ತದೆ.

ಹೋಳುಲೆಕ್ಕ:
ಮೆಶ್ ಒರಟಾಗಿದ್ದರೆ ಗುಣಾಂಕ ಸಾಮಾನ್ಯವಾಗಿ ಹೆಚ್ಚು ಬರುತ್ತದೆಯೇ ಹೊರತು ಕಡಿಮೆಯಲ್ಲ. ಆದ್ದರಿಂದ ಈ ದಾರಿಯಲ್ಲಿ ಹೋದಷ್ಟೂ ಅಂತರ ಹಿಗ್ಗುತ್ತದೆ. ಸರಳೀಕೃತ ಬಿಷಪ್ ವಿಧಾನ ಅಡ್ಡ ದಿಕ್ಕಿನ ಬಲಗಳ ಸಮತೋಲನವನ್ನು ಬಿಟ್ಟುಕೊಟ್ಟರೂ, ವೃತ್ತಾಕಾರದ ಜಾರುಮೈಗೆ ಅದರ ಉತ್ತರ ಎಲ್ಲ ಸಮತೋಲನಗಳನ್ನೂ ಪಾಲಿಸುವ ಸ್ಪೆನ್ಸರ್ ವಿಧಾನದ ಉತ್ತರಕ್ಕೆ ತೀರ ಹತ್ತಿರದಲ್ಲೇ ಇರುತ್ತದೆ. ಇಷ್ಟು ದೊಡ್ಡ ಅಂತರ ವಿಧಾನದ್ದಲ್ಲ, ನೀವು ಎರಡು ಬೇರೆ ಗುಡ್ಡಗಳನ್ನು ಲೆಕ್ಕ ಹಾಕುತ್ತಿದ್ದೀರಿ. ಪದರಗಳು ಹೇಗಿವೆ?

ಕಡಿದಾರಿ:
ಜಾನ್ಬು ಎಂಬ ಇನ್ನೊಂದು ಹೋಳು ವಿಧಾನ ಹಾಕಿ ನೋಡಬಹುದಲ್ಲ?

ಹೋಳುಲೆಕ್ಕ:
ತಿದ್ದುಪಡಿ ಗುಣಕ ಸೇರಿಸದೆ ಜಾನ್ಬು ಅಂಕಿಯನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಕಳೆದ ವರ್ಷವೂ ಇದೇ ಜಗಳವಾಗಿತ್ತು.

ಘಟ್ಟದಂಚು:
ಉಡುಪಿ ಎಂದಮೇಲೆ ಬಿಡಿಸಿ ಹೇಳಬೇಕಿಲ್ಲ ಎಂದುಕೊಂಡಿದ್ದೆ. ಮೇಲೆ ಜಂಬಿಟ್ಟಿಗೆ, ಅದರಡಿ ಶೇಡಿಮಣ್ಣು (ನೀರು ತಗುಲಿದರೆ ಮೆತ್ತಗಾಗುವ ಬಿಳಿಚು ಮಣ್ಣು). ಇವೆರಡರ ನಡುವೆ ಅರ್ಧ ಮೀಟರ್ ದಪ್ಪದ ಒದ್ದೆ ಪಟ್ಟಿಯೊಂದಿದೆ. ಅದನ್ನು ಬೆರಳಲ್ಲಿ ಉಜ್ಜಿದರೆ ಸಾಬೂನಿನಂತೆ ಜಾರುತ್ತದೆ. ಎಫ್‌ಇಎಂ ಚಿತ್ರದಲ್ಲಿ ಶಿಯರ್ ಸ್ಟ್ರೇನ್ (ಮಣ್ಣು ಒಂದರ ಮೇಲೊಂದು ಜಾರುವಾಗಿನ ವಿರೂಪ) ಆ ಪಟ್ಟಿಯುದ್ದಕ್ಕೂ ಚಪ್ಪಟೆಯಾಗಿ ಓಡಿ, ಹಿಂದೆ ಮೇಲಕ್ಕೆ ತಿರುಗಿದೆ.

ಹೋಳುಲೆಕ್ಕ:
ಅಲ್ಲೇ ಇದೆ ಉತ್ತರ. ವೃತ್ತ ಆ ಪಟ್ಟಿಯನ್ನು ಒಂದೆರಡು ಹೋಳುಗಳಲ್ಲಿ ಕತ್ತರಿಸಿ ದಾಟಿಬಿಡುತ್ತದೆ, ಅದರ ಗುಂಟ ಸಾಗುವುದಿಲ್ಲ. ವೃತ್ತವಲ್ಲದ ಜಾರುಮೈ ಕೊಟ್ಟು, ಎಂಥ ಆಕಾರಕ್ಕೂ ಒಗ್ಗುವ ಮಾರ್ಗೆನ್‌ಸ್ಟರ್ನ್-ಪ್ರೈಸ್ ವಿಧಾನ ಓಡಿಸಿ.

ಘಟ್ಟದಂಚು:
1.11 ಬಂತು. ಆದರೆ ಈ ಜಾರುಮೈ ಹಿಂದಕ್ಕೆ ಬಹಳ ದೂರ ಹೋಗುವುದರಿಂದ, ವೃತ್ತವನ್ನು ನಂಬಿ ನಾನು ಇಟ್ಟಿದ್ದ 8 ಮೀಟರ್ ನೇಲ್‌ಗಳಲ್ಲಿ ಮೇಲಿನ ಎರಡು ಸಾಲುಗಳು ಅದನ್ನು ಮುಟ್ಟುವುದೇ ಇಲ್ಲ. 12 ಮೀಟರ್ ಮಾಡಿದರೆ ಸಾಕೇ?

ಜಾಲರಿ:
15 ನೋಡ್ ಪ್ರಯತ್ನಿಸಿದಿರಾ?

ಹೋಳುಲೆಕ್ಕ:
ಉದ್ದದ ಮಾತು ಆಮೇಲೆ. ಪಟ್ಟಿಯೊಳಗಿನ ನೀರಿನ ಒತ್ತಡವನ್ನು ಯಾವ ಅಳತೆಯಿಂದ ತೆಗೆದುಕೊಂಡಿದ್ದೀರಿ? ಗುಡ್ಡದೊಳಗೆ ಕೂರಿಸುವ ಬಸಿಗೊಳವೆಗಳಿಂದ ನೀರು ಬಸಿದರೆ ನೇಲ್‌ಗಳ ಮೇಲಿನ ಹೊರೆಯೇ ಕಡಿಮೆಯಾಗಬಹುದು.

ಘಟ್ಟದಂಚು:
ಪೀಜೋಮೀಟರ್ (ಮಣ್ಣೊಳಗಿನ ನೀರಿನ ಒತ್ತಡ ಅಳೆಯುವ ಸಾಧನ) ಹಾಕಿಲ್ಲ. ಬೋರ್‌ಹೋಲ್‌ನಲ್ಲಿ ಕಂಡ ಮಟ್ಟವನ್ನೇ ಎರಡೂ ಮಾದರಿಗಳಿಗೆ ಕೊಟ್ಟಿದ್ದೇನೆ. ಬೋರ್ ಕೊರೆದದ್ದು ಮಾರ್ಚ್‌ನಲ್ಲಿ.