ಸಮಸ್ಯೆ: ‘ಬೇಕೆಂಬುದಿಲ್ಲದವ ಬೇಕೆಂದನಂತೆ’

ಎಲ್ಲರಿಗೂ ನಮಸ್ಕಾರ. ಈ ಸಲದ ಸಾಲು ಇದು:

ಬೇಕೆಂಬುದಿಲ್ಲದವ ಬೇಕೆಂದನಂತೆ

ಪಂಚಮಾತ್ರೆಯ ಚೌಪದಿ, ಅಂದರೆ ಐದೈದು ಮಾತ್ರೆಯ ಗುಂಪುಗಳಲ್ಲಿ (ಗಣ) ನಡೆಯುವ ನಾಲ್ಕು ಸಾಲಿನ ಪದ್ಯ. ಲಘು ಅಕ್ಷರಕ್ಕೆ ಒಂದು ಮಾತ್ರೆ, ಗುರುವಿಗೆ ಎರಡು. ಇದು ಕೊನೆಯ ಸಾಲು, ಮೇಲಿನ ಮೂರನ್ನು ಬರೆದು ಪೂರಣ ಮಾಡೋದು, ಅಂದರೆ ತುಂಬೋದು, ನಿಮ್ಮ ಕೆಲಸ. ಒಂದು ಮತ್ತು ಮೂರನೇ ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ. ಎರಡು ಮತ್ತು ನಾಲ್ಕಕ್ಕೆ ಮೂರು ಗಣ, ಆಮೇಲೆ ಮೂರು ಮಾತ್ರೆ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದ ಪ್ರಾಸ, ‘ಕ’. ಅದರ ಹಿಂದಿನ ಅಕ್ಷರ ದೀರ್ಘ, ಅಂದರೆ ಗಜಪ್ರಾಸ. ಅಕ್ಕ, ಸಿಕ್ಕು, ಶಂಕೆ ಇವೆಲ್ಲ ನಡೆಯಲ್ಲ. ಲೋಕ, ಶೋಕ, ಮೂಕ, ಏಕೆ ನಡೆಯುತ್ತವೆ. ಪದಗಳಿಗೇನೂ ಬರವಿಲ್ಲ.

ಗಂಟು ನಾನು ಹಾಕಿದ್ದಲ್ಲ, ಹಳೆಯದು. ತೈತ್ತಿರೀಯ ಉಪನಿಷತ್ತು ‘ಸೋಽಕಾಮಯತ’ ಅನ್ನುತ್ತೆ: ಅವನು ಬಯಸಿದ, ನಾನು ಹಲವಾಗಬೇಕು ಅಂತ. ಅದ್ವೈತದ ಹಿರಿಯ ಆಚಾರ್ಯ ಗೌಡಪಾದರ ಕಾರಿಕೆ ಕೇಳುತ್ತೆ, ‘ಆಪ್ತಕಾಮಸ್ಯ ಕಾ ಸ್ಪೃಹಾ?’ ಎಲ್ಲ ಪಡೆದವನಿಗೆ ಇನ್ನೆಂಥ ಆಸೆ? ಒಂದು ಕಡೆ ‘ಬಯಸಿದ’, ಇನ್ನೊಂದು ಕಡೆ ‘ಅವನಿಗೆಂಥ ಬಯಕೆ’. ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿಹಾಕಿದ್ದೇನೆ. ಬಿಡಿಸಿ ನೋಡೋಣ. ವೇದಾಂತ ಗೊತ್ತಿಲ್ಲ ಅಂತ ಹಿಂಜರಿಯಬೇಡಿ, ಪದ್ಯ ಗೊತ್ತಿದ್ದರೆ ಸಾಕು.

* * *

ಮೇಷ್ಟ್ರೇ, ನಾನೇ ಶುರು ಮಾಡ್ತೇನೆ.

ಏಕಾಕಿಯಾಗಿದ್ದನಾಡಲಾರಿರಲಿಲ್ಲ
ಮೂಕವಾಗಿತ್ತೆಲ್ಲ ಬಟ್ಟಬಯಲಲ್ಲಿ
ಲೋಕವೆಂಬಾಟಕ್ಕೆ ಜೊತೆಗಾರರನು ಕರೆದು
ಬೇಕೆಂಬುದಿಲ್ಲದವ ಬೇಕೆಂದನಂತೆ

ಒಬ್ಬನೇ ಇದ್ದು ಬೇಜಾರಾಯ್ತು, ಅಷ್ಟೇ. ಬೃಹದಾರಣ್ಯಕದಲ್ಲೇ ಇದೆಯಲ್ವಾ, ‘ಏಕಾಕೀ ನ ರಮತೇ’ ಅಂತ? ಅವನಿಗೆ ಹಿತವೆನಿಸಲಿಲ್ಲ, ಎರಡನೆಯವರನ್ನು ಬಯಸಿದ.

* * *

ನಡಿಗೆ ಸೊಗಸಾಗಿದೆ. ‘ಮೂಕವಾಗಿತ್ತೆಲ್ಲ’ ಓದಿದ ಕೂಡಲೇ ಆ ಖಾಲಿತನ ಕಿವಿಗೆ ಬೀಳುತ್ತೆ. ಆದರೆ ಒಂದು ತಕರಾರು. ಬೇಜಾರಾಗಿದ್ದರೆ ಅವನಿಗೆ ಏನೋ ಕಮ್ಮಿ ಇತ್ತು ಅಂತಾಯ್ತು. ಹಾಗಾದರೆ ಅವನು ‘ಬೇಕೆಂಬುದಿಲ್ಲದವ’ ಹೇಗಾಗ್ತಾನೆ? ನಿಮ್ಮ ಮೂರು ಸಾಲು ‘ಬೇಕೆಂದನಂತೆ’ಯನ್ನು ಚೆನ್ನಾಗಿ ಹೊತ್ತಿವೆ, ಅದರ ಹಿಂದಿನದನ್ನು ಕೈಬಿಟ್ಟಿವೆ.

ನೀವು ಹೇಳಿದ ಬೃಹದಾರಣ್ಯಕದ ಜಾಗದಲ್ಲಿ ಶಂಕರರಿಗೂ ಇದೇ ಪೇಚು ಬರುತ್ತೆ. ಆ ಒಂಟಿಯವನು ಮೊದಲು ಮೈ ತಳೆದ ಪ್ರಜಾಪತಿ, ಪರಬ್ರಹ್ಮ ಅಲ್ಲ ಅಂತ ಅವರು ಅರ್ಥ ಮಾಡ್ತಾರೆ. ಅದರ ಹಿಂದಿನ ಮಾತಿನಲ್ಲೇ ಅವನು ಹೆದರಿದ ಅಂತಲೂ ಇದೆ. ಹೆದರುವವನು, ಬೇಸರಪಡುವವನು ಇನ್ನೂ ಸಂಸಾರದ ಒಳಗಿನವನೇ ಅಂತ ಅವರ ವಾದ. ಪದ್ಯವಾಗಿ ನಿಮ್ಮದು ಗೆದ್ದಿದೆ, ಪೂರಣವಾಗಿ ಅರ್ಧ.

* * *

ಹಾಗಾದರೆ ಕಮ್ಮಿಯಿಂದ ಬೇಡ, ಜಾಸ್ತಿಯಿಂದ ಬರಲಿ. ನನ್ನದು:

ತೂಕ ತಪ್ಪಿದ ಸುಖಕೆ ತಾನೆ ಕುಣಿದನು ನೋಡು
ಏಕೆ ಕುಣಿದೆಯೊ ಎಂದು ಕೇಳಬಹುದೇನು?
ಸಾಕೆಂಬ ಮಾತಿರದ ಸಂತಸವೆ ತುಳುಕಿರಲು
ಬೇಕೆಂಬುದಿಲ್ಲದವ ಬೇಕೆಂದನಂತೆ

‘ಲೋಕವತ್ತು ಲೀಲಾಕೈವಲ್ಯಮ್’ ಸೂತ್ರವನ್ನು ಮನಸ್ಸಲ್ಲಿಟ್ಟು ಬರೆದೆ.

* * *

ಬಂತು ನೋಡಿ ಲೀಲೆ! ಇದು ಬರದೆ ಇರುತ್ತಾ ಅಂತ ಕಾಯ್ತಿದ್ದೆ.

ಹೊಸಬರಿಗಾಗಿ ಸ್ವಲ್ಪ ಹೇಳ್ತೇನೆ. ಉಪನಿಷತ್ತುಗಳ ಅರ್ಥವನ್ನು ಚರ್ಚಿಸಿ ನಿರ್ಣಯಿಸುವ ಬ್ರಹ್ಮಸೂತ್ರದ 2ನೇ ಅಧ್ಯಾಯದ 1ನೇ ಪಾದದಲ್ಲಿ ಒಂದು ಆಕ್ಷೇಪ ಇದೆ. ಯಾರೇ ಆಗಲಿ, ಏನಾದರೂ ಮಾಡಿದರೆ ಅದಕ್ಕೊಂದು ಪ್ರಯೋಜನ ಇರುತ್ತೆ. ದೇವರಿಗೆ ಯಾವ ಪ್ರಯೋಜನವೂ ಬೇಕಿಲ್ಲ. ಹಾಗಾಗಿ ಅವನು ಲೋಕ ಮಾಡಿರಲಿಕ್ಕಿಲ್ಲ. ಅದಕ್ಕೆ ಉತ್ತರವೇ ಈ ಸೂತ್ರ: ಲೋಕದಲ್ಲಿ ಕಾಣುವ ಹಾಗೆ, ಅದು ಬರೀ ಲೀಲೆ.

ಉತ್ತರ ಒಂದೇ ಆದರೂ ಮೂವರು ಆಚಾರ್ಯರು ಮೂರು ಬಗೆಯ ಚಿತ್ರ ಬಿಡಿಸ್ತಾರೆ. ಶಂಕರರು ಆಸೆಯೆಲ್ಲ ತೀರಿದ ರಾಜನೊಬ್ಬ ಸುಮ್ನೆ ಆಡುವುದನ್ನು ಹೇಳಿ, ಅಷ್ಟಕ್ಕೇ ನಿಲ್ಲಿಸದೆ ಉಸಿರಾಟದ ಮಾತು ತರ್ತಾರೆ. ಉಸಿರಾಡುವಾಗ ಯಾರೂ ಲಾಭ ಲೆಕ್ಕ ಹಾಕಲ್ಲ. ರಾಮಾನುಜರ ರಾಜ ಏಳು ದ್ವೀಪಗಳ ಭೂಮಿಯನ್ನೇ ಆಳುವವನು, ಆದರೂ ಚೆಂಡಾಡ್ತಾನೆ. ಮಧ್ವರು ರಾಜನನ್ನೇ ಬಿಟ್ಟುಬಿಡ್ತಾರೆ. ಅಮಲೇರಿದವನು ಸುಖ ಉಕ್ಕಿ ಕುಣಿಯುತ್ತಾನೆ, ಹಾಡುತ್ತಾನೆ, ಏನೋ ಸಿಗಲಿ ಅಂತಲ್ಲ ಅಂತಾರೆ. ನಿಮ್ಮ ‘ತೂಕ ತಪ್ಪಿದ ಸುಖ’ ನೇರವಾಗಿ ಮಧ್ವರ ಮನೆಯದು. ನನಗಂತೂ ಈ ಮೂರರಲ್ಲಿ ಅದೇ ಹೆಚ್ಚು ಇಷ್ಟ. ದೇವರನ್ನು ಅಮಲೇರಿದವನಿಗೆ ಹೋಲಿಸೋಕೆ ಧೈರ್ಯ ಬೇಕು ಸ್ವಾಮಿ!

ಇನ್ನು ತಕರಾರು. ಕುಣಿಯುವವನು ಕುಣಿದ, ಸರಿ. ‘ಬೇಕು’ ಅಂತ ಯಾವಾಗ ಅಂದ? ನಿಮ್ಮ ನಾಲ್ಕನೇ ಸಾಲು ಮೇಲಿನ ಮೂರಕ್ಕೆ ಅಂಟಿಕೊಂಡಿಲ್ಲ, ಪಕ್ಕದಲ್ಲಿ ಕೂತಿದೆ. ಮೊದಲ ಪೂರಣದ್ದು ಒಂದು ಕಾಲು ಕುಂಟಿದರೆ ನಿಮ್ಮದು ಇನ್ನೊಂದು.

* * *

ಲೀಲೆ ಲೀಲೆ ಅಂತ ಎಲ್ಲರೂ ಕೊಂಡಾಡ್ತೀರಿ. ಅವನಿಗೆ ಆಟ, ನಮಗೆ ಪ್ರಾಣಸಂಕಟ. ಒಬ್ಬ ಹುಟ್ಟುತ್ತಲೇ ಸುಖಿ, ಇನ್ನೊಬ್ಬ ಹುಟ್ಟುತ್ತಲೇ ನರಳ್ತಾನೆ. ಇದೆಂಥ ಕುಣಿತ? ನಾನು ಬೇರೆ ದಾರಿ ಹಿಡಿದಿದ್ದೇನೆ:

ಮೂಕನಿದ್ದೆಯಲಿದ್ದ ಜೀವರಿಗೆ ಮೈಯಿಲ್ಲ
ನೌಕೆಯಿಲ್ಲದೆ ದಾಟಲಹುದೆ ಕಡಲನ್ನು?
ಸಾಕುವವ ತಾನಾಗಿ ಅವರ ಬೇಕನು ಹೊತ್ತು
ಬೇಕೆಂಬುದಿಲ್ಲದವ ಬೇಕೆಂದನಂತೆ

ಬೇಕು ಅಂದಿದ್ದು ಅವನೇ, ಆದರೆ ತನಗಲ್ಲ. ಪ್ರಳಯದಲ್ಲಿ ಜೀವರು ಕರ್ಮದ ಗಂಟು ಹೊತ್ತು ಮಲಗಿರ್ತಾರೆ. ಕಣ್ಣಿಲ್ಲ, ಕೈಯಿಲ್ಲ, ಮನಸ್ಸಿಲ್ಲ. ಅವರು ದಾಟಬೇಕಾದರೆ ಮೈ ಬೇಕು, ಲೋಕ ಬೇಕು. ಭಾಗವತದ ಹತ್ತನೇ ಸ್ಕಂಧ, ವೇದಸ್ತುತಿಯ ಅಧ್ಯಾಯದ ಶುರುವಿನಲ್ಲೇ ಈ ಮಾತಿದೆ. ಬುದ್ಧಿ, ಇಂದ್ರಿಯ, ಮನಸ್ಸು, ಪ್ರಾಣ ಇವನ್ನೆಲ್ಲ ಪ್ರಭು ಜನರಿಗಾಗಿ ಸೃಷ್ಟಿಸಿದ, ಅವರು ಸುಖಪಡಲಿ, ಕೊನೆಗೆ ಬಿಡುಗಡೆಯೂ ಪಡೆಯಲಿ ಅಂತ.

* * *

‘ಅವರ ಬೇಕನು ಹೊತ್ತು’ ಅಂದಿರಲ್ಲ, ಭಲೇ! ಸಾಕು, ಬೇಕು ಅಕ್ಕಪಕ್ಕ ಬಂದರೂ ಶಬ್ದಚಮತ್ಕಾರ ಅನ್ನಿಸಲ್ಲ. ಇಲ್ಲಿ ‘ಸಾಕು’ ಅಂದರೆ ಸಲಹುವುದು.

ನಿಮ್ಮ ಸಿಟ್ಟಿಗೂ ಸೂತ್ರಕಾರರು ಜಾಗ ಕೊಟ್ಟಿದ್ದಾರೆ. ಲೀಲೆಯ ಸೂತ್ರದ ಮರುಸಾಲಿನಲ್ಲೇ ‘ವೈಷಮ್ಯನೈರ್ಘೃಣ್ಯೇ ನ’ ಅಂತ ಬರುತ್ತೆ. ದೇವರಿಗೆ ಪಕ್ಷಪಾತ ಇಲ್ಲ, ಕಲ್ಲೆದೆಯೂ ಇಲ್ಲ, ಯಾಕಂದರೆ ಅವನು ಜೀವರ ಕರ್ಮವನ್ನು ನೋಡಿ ಕೊಡುತ್ತಾನೆ ಅಂತ. ಲೀಲೆ ಅಂದ ಕೂಡಲೇ ನೀವು ಕೇಳಿದ ಪ್ರಶ್ನೆಯೇ ಆಗಲೂ ಎದ್ದಿರಬೇಕು, ಇಲ್ಲದಿದ್ದರೆ ಇಷ್ಟು ಬೇಗ ಸಮಾಧಾನ ಹೇಳುತ್ತಿರಲಿಲ್ಲ.

* * *

ಒಂದು ಅಡ್ಡಪ್ರಶ್ನೆ ಮೇಷ್ಟ್ರೇ. ಕರ್ಮ ನೋಡಿ ಲೋಕ ಮಾಡಿದ ಅಂದರೆ ಮೊದಲನೇ ಕರ್ಮ ಎಲ್ಲಿಂದ ಬಂತು? ಲೋಕವೇ ಇಲ್ಲದಾಗ ಯಾರು ಏನು ಮಾಡಿದ್ದರು?

* * *

ಅದಕ್ಕೆ ಇನ್ನೊಂದು ಸೂತ್ರ: ‘ಅನಾದಿ’. ಸೃಷ್ಟಿಗೆ ಮೊದಲನೇ ಸಲ ಅನ್ನೋದೇ ಇಲ್ಲ. ಪ್ರತಿ ಸೃಷ್ಟಿಗೂ ಹಿಂದೊಂದು ಸೃಷ್ಟಿ. ತರ್ಕಕ್ಕೆ ಇದು ಸಾಕಾಗಬಹುದು. ಪದ್ಯದಲ್ಲಿ ಇದನ್ನು ತಂದರೆ ಒಣಗಿಹೋಗುತ್ತೆ, ಆ ಸಾಹಸ ಯಾರೂ ಮಾಡಬೇಡಿ.

* * *

ಎಲ್ಲರೂ ಸೃಷ್ಟಿಯ ಹಿಂದೆಯೇ ಬಿದ್ದಿದ್ದೀರಿ. ಸಾಲಿನಲ್ಲಿ ಸೃಷ್ಟಿ ಅಂತ ಎಲ್ಲಿದೆ?

ಸಾಕೆ ಮೂರಡಿ ವಟುವೆ ಎಂದು ಬಲಿ ನಗುತಿರಲು
ನಾಕ ನೆಲಗಳನಳೆವ ಕಾಲನಡಗಿಸುತ
ಲೋಕವೆಲ್ಲಾ ತನ್ನದಿದ್ದರೂ ಕೈಯೊಡ್ಡಿ
ಬೇಕೆಂಬುದಿಲ್ಲದವ ಬೇಕೆಂದನಂತೆ

* * *

ಆಹಾ! ಸಮಸ್ಯಾಪೂರಣದ ಮಜಾ ಇರೋದೇ ಇಲ್ಲಿ. ಕೊಟ್ಟವನು ಒಂದು ಕಡೆ ನೋಡ್ತಿದ್ದರೆ ಪೂರಣ ಇನ್ನೊಂದು ಬಾಗಿಲಿಂದ ಬರಬೇಕು. ವಾಮನ ನನ್ನ ತಲೆಗೆ ಹೊಳೆದೇ ಇರಲಿಲ್ಲ. ತಕರಾರು ಏನೂ ಇಲ್ಲ.

* * *

ಮೊದಲ ಸಲ ಬರೀತಿದ್ದೇನೆ, ತಪ್ಪಿದ್ದರೆ ತಿದ್ದಿ.

ಏಕೆ ಸುಮ್ಮನೆ ಕೂತೆ ಎಂದಳೇನೋ ಲಕುಮಿ
ಜೋಕಾಲಿಯಾಡುತ್ತ ಶೇಷನೊಡಲಲ್ಲಿ
ಲೋಕವನ್ನು ಕಟ್ಟಿದನು ಆಕೆಯಾ ನಗೆಗೆಂದು
ಬೇಕೆಂಬುದಿಲ್ಲದವ ಬೇಕೆಂದನಂತೆ

ತಮಾಷೆಗೆ ಬರೆದದ್ದು, ಬೈಯಬೇಡಿ.

* * *

ಬೈಯೋದಾ? ಮೊದಲ ಸಲಕ್ಕೇ ಪ್ರಾಸ ನಾಲ್ಕೂ ಕಡೆ ಸರಿಯಾಗಿದೆ. ಮೂರನೇ ಸಾಲು ಮಾತ್ರ ಎಡವುತ್ತೆ. ಗಟ್ಟಿಯಾಗಿ ಓದಿ ನೋಡಿ: ‘ಲೋಕವನ್’ ಐದು ಮಾತ್ರೆ. ಆಮೇಲೆ ‘ನು ಕಟ್ಟಿ ದ’ ಅಂತ ಗಣ ಶುರುವಾಗುತ್ತೆ. ಲಘುವಿನ ಬೆನ್ನಿಗೇ ಗುರು ಬಂದು ನಡಿಗೆ ಮುಗ್ಗರಿಸಿತು. ಅಲ್ಲಿಂದ ಮುಂದೆ ಲೆಕ್ಕವೂ ಒಂದು ಮಾತ್ರೆ ಜಾಸ್ತಿಯಾಗಿದೆ. ‘ಲೋಕವನು ಕಟ್ಟಿದನು’ ಅಂತ ಮಾಡಿ. ಒತ್ತು ಒಂದು ಹೋದರೆ ಸಾಕು, ಐದೈದಾಗಿ ಬಿಡಿಬಿಡಿಯಾಗಿ ನಿಲ್ಲುತ್ತೆ.

ಮತ್ತೆ, ತಮಾಷೆ ಅಂತ ತಳ್ಳಿಹಾಕಬೇಡಿ. ರಾಮಾನುಜರ ಶಿಷ್ಯ ಕೂರೇಶರ ಶ್ರೀಸ್ತವದ ಮೊದಲ ಶ್ಲೋಕ ಇದನ್ನೇ ಹೇಳುತ್ತೆ. ಹರಿ ಲಕ್ಷ್ಮಿಯ ಮುಖ ನೋಡಿ, ಅವಳ ಕಣ್ಸನ್ನೆಗೆ ಒಳಗಾಗಿ ಎಲ್ಲವನ್ನೂ ಮಾಡ್ತಾನಂತೆ. ಅವಳ ಮನಸ್ಸು ಕೂಡದೆ ಹೋದರೆ ಈ ಆಟ ಅವನಿಗೆ ರುಚಿಸುವುದೇ ಇಲ್ಲವಂತೆ. ನೀವು ನಗುತ್ತಾ ಬರೆದಿರಿ, ಅವರು ಕೈಮುಗಿದು ಬರೆದರು.

* * *

ವೈಷ್ಣವರದ್ದೇ ಆಯ್ತಲ್ಲ, ಶಿವನ ಕಡೆಯವರು ಯಾರೂ ಇಲ್ವಾ? ನನಗೆ ಚೌಪದಿ ಬರಲ್ಲ, ಮಾತಷ್ಟೇ ಹೇಳ್ತೇನೆ. ಅಕ್ಕಮಹಾದೇವಿಯ ಒಂದು ವಚನದಲ್ಲಿ ಪರಶಿವ ತನ್ನ ವಿನೋದಕ್ಕೆ ತಾನೇ ಜಗತ್ತನ್ನು ಸೃಜಿಸಿದ ಅಂತ ಇದೆ. ಆ ವಿಲಾಸ ಸಾಕಾದ ಮೇಲೆ ಮಾಯೆಯ ಪಾಶವನ್ನು ಹರಿಯುವವನೂ ಅವನೇ. ಕಾಶ್ಮೀರದ ಶೈವರಲ್ಲಿ ಕ್ಷೇಮರಾಜ ಇನ್ನೂ ಚುಟುಕಾಗಿ ಹೇಳ್ತಾನೆ: ಚಿತಿ, ಅಂದರೆ ಚೈತನ್ಯಶಕ್ತಿ, ತನ್ನ ಇಚ್ಛೆಯಿಂದ ತನ್ನದೇ ಗೋಡೆಯ ಮೇಲೆ ವಿಶ್ವವನ್ನು ಬಿಡಿಸುತ್ತಾಳೆ ಅಂತ. ಅವರಿಗೆ ಇಚ್ಛೆ ಅಂದರೆ ಕೊರತೆ ಅಲ್ಲ, ಸ್ವಾತಂತ್ರ್ಯ. ಬೇಡ ಅನ್ನೋಕೆ ಆಗುವವನು ಬೇಕು ಅಂತಲೂ ಅನ್ನಬಹುದು.

* * *

ಕೊನೆಯ ವಾಕ್ಯವನ್ನು ಯಾರಾದರೂ ಪದ್ಯ ಮಾಡಿ ಮಾರಾಯರೇ, ಅಲ್ಲೇ ಅರ್ಧ ಪೂರಣ ಇದೆ!

* * *

ನಾನು ಅದ್ವೈತಿ, ಜಗಳಕ್ಕೆ ಬಂದಿದ್ದೇನೆ.

ಲೋಕವೇ ಆಗಿಲ್ಲ, ಆದಂತೆ ತೋರುವುದು
ಏಕವದು ಹಲವಾದ ಕತೆಯು ಮಕ್ಕಳಿಗೆ
ಸಾಕು ಬಿಡು, ಕನಸೊಳಗೆ ಕನಸಿಗನು ಕಂಡಂತೆ
ಬೇಕೆಂಬುದಿಲ್ಲದವ ಬೇಕೆಂದನಂತೆ

ಯಾಕೆ ಮಾಡಿದ ಅಂತ ಕೇಳೋ ಮೊದಲು ಮಾಡಿದನಾ ಅಂತ ಕೇಳಿ. ಗೌಡಪಾದರನ್ನು ಅರ್ಧಕ್ಕೇ ನಿಲ್ಲಿಸಬೇಡಿ, ಏನೂ ಹುಟ್ಟಿಯೇ ಇಲ್ಲ ಅನ್ನೋದೇ ಅವರ ಕೊನೆಯ ಮಾತು.

* * *

ಗೌಡಪಾದರಿಗೆ ನ್ಯಾಯ ಸಿಕ್ಕಿತು. ಗಂಟನ್ನು ಬಿಡಿಸಲಿಲ್ಲ ನೀವು, ಹಗ್ಗವೇ ಇಲ್ಲ ಅಂದುಬಿಟ್ಟಿರಿ. ಬುದ್ಧಿ ಒಪ್ಪುತ್ತೆ. ಆದರೆ ದೇವರ ಮುಂದೆ ನಿಂತು ಹಾಡುವವನಿಗೆ ಇದು ದಕ್ಕಲ್ಲ. ಭಕ್ತನಿಗೆ ‘ಬೇಕು’ ಅನ್ನುವ ದೇವರೇ ಬೇಕು. ಏನೂ ಬೇಡದವನಿಗೆ ತುಳಸಿ ಏರಿಸಿ ಏನು ಮಾಡೋದು, ಎದುರು ನಿಂತು ಜಗಳ ಆಡೋದು ಹೇಗೆ? ದಾಸರೂ ಶರಣರೂ ದೇವರ ಜೊತೆ ಅಷ್ಟು ಸಲಿಗೆಯಿಂದ ಮಾತಾಡಿದ್ದು ಅವನು ಕಿವಿಗೊಡುತ್ತಾನೆ ಅನ್ನುವ ನಂಬಿಕೆಯ ಮೇಲೆ.

* * *

ಮೇಷ್ಟ್ರೇ, ಆ ಮಾತು ಹಿಡಿದೇ ಬರೆದೆ:

ನಾ ಕರೆವ ಕೂಗನ್ನು ಕೇಳುವಾಸೆಯೊ ಏನೊ
ಆಕಳಿಗೆ ಕರುವಿನಂಬಾ ದನಿಯ ಹಾಗೆ
ಮೂಕನಿಗೆ ಬಾಯಿತ್ತು ತನ್ನ ಹೆಸರನೆ ಕೊಟ್ಟು
ಬೇಕೆಂಬುದಿಲ್ಲದವ ಬೇಕೆಂದನಂತೆ

* * *

ಅಕ್ಕಾ, ಇದಕ್ಕೆ ನಾನು ಕಾಯ್ತಿದ್ದೆ.

ಎರಡನೇ ಸಾಲು ನೋಡಿ, ಎಲ್ಲರೂ. ಆಕಳಿಗೆ ಹೊಟ್ಟೆ ತುಂಬಿದೆ, ಕೆಚ್ಚಲೂ ತುಂಬಿದೆ. ಅದಕ್ಕೆ ಏನೂ ಕಮ್ಮಿಯಿಲ್ಲ. ಆದರೂ ಕರು ‘ಅಂಬಾ’ ಅಂದರೆ ಕಿವಿ ನಿಮಿರುತ್ತೆ, ಯಾಕಂದರೆ ಕೆಚ್ಚಲು ತುಂಬಿದೆ. ಮೊದಲ ಪೂರಣಕ್ಕೆ ಸಿಗದ್ದು, ಎರಡನೆಯದಕ್ಕೆ ಜಾರಿದ್ದು, ಎರಡೂ ಇಲ್ಲಿ ಕೂಡಿವೆ. ತುಂಬಿದವನಿಗೇ ಬೇಕು. ಕೊಡಬೇಕು ಅನ್ನುವ ಬೇಕು.

‘ಆಸೆಯೊ ಏನೊ’ ಅಂತ ಅನುಮಾನದಲ್ಲಿ ಬಿಟ್ಟದ್ದೂ ಸರಿಯಾಯ್ತು. ಋಗ್ವೇದದ ನಾಸದೀಯ ಸೂಕ್ತ ಕೂಡ ಮೊದಲು ಕಾಮ ಹುಟ್ಟಿತು ಅಂತ ಹೇಳಿ, ಕೊನೆಗೆ ಪರಮ ವ್ಯೋಮದಲ್ಲಿ ಇದನ್ನೆಲ್ಲ ನೋಡುವವನಿಗೆ ಗೊತ್ತಿದೆಯೋ, ಅಥವಾ ಅವನಿಗೂ ಗೊತ್ತಿಲ್ಲವೋ ಅಂತ ಮುಗಿಸುತ್ತೆ. ಋಷಿಗಳೇ ಅಷ್ಟು ಜಾಗ ಬಿಟ್ಟಿರುವಾಗ ನಾಲ್ಕು ಸಾಲಿನ ಚೌಪದಿ ಎಲ್ಲ ಗೊತ್ತು ಅನ್ನಬಾರದು.

ಒಂದು ಸಣ್ಣ ಸಲಹೆ ಇದೆ. ‘ಬಾಯಿತ್ತು’ ಅನ್ನೋದನ್ನು ‘ಬಾಯಿ ಇತ್ತು’ ಅಂತ ಓದಿಬಿಡುವ ಅಪಾಯ ಇದೆ. ‘ಬಾಯ್ಗೊಟ್ಟು’ ಅಂದರೆ ಮಾತ್ರೆ ಕೆಡಲ್ಲ, ಆದರೆ ಸಾಲಿನ ಕೊನೆಯಲ್ಲಿ ಇನ್ನೊಂದು ‘ಕೊಟ್ಟು’ ಇದೆ. ಯೋಚಿಸಿ ನೋಡಿ. ನನಗೆ ಹೊಳೆದರೆ ನಾನೂ ಹೇಳ್ತೇನೆ.

* * *

ಮುಂದಿನ ಸಾಲು ಕೊಟ್ಟುಬಿಡ್ತೇನೆ. ಅದೇ ಛಂದಸ್ಸು, ಪ್ರಾಸ ‘ಟ್ಟ’. ಅವತಾರದ ಕಡೆಗೇ ಹೋಗಬೇಕು ಅಂತೇನಿಲ್ಲ, ವಾಮನನ ಹಾಗೆ ಯಾವ ಬಾಗಿಲಿಂದ ಬಂದರೂ ಸರಿ:

ಕಟ್ಟಿದವನೇ ಮನೆಗೆ ಬಾಡಿಗೆಯ ಕೊಟ್ಟ