ಛೆಟ್ರಿ ಗೋಲು ನೋಡೋದಾದ್ರೆ ಕ್ಲಿಪ್ಪನ್ನ ಸ್ವಲ್ಪ ಹಿಂದಕ್ಕೆ ಎಳಿ

ಅಭೀ, ಗ್ರೂಪಲ್ಲಿ ನೀನು ಹಾಕಿದ ಫುಟ್‌ಬಾಲಿಗ ಸುನಿಲ್ ಛೆಟ್ರಿ ಕ್ಲಿಪ್ ನೋಡಿದೆ ಕಣೋ. ಕೋಚಿಂಗಲ್ಲಿ ಸರ್ ಐದು ಗೋಲು ಚೆನ್ನಾಗಿ ನೋಡ್ಕೊಂಡು ಬಾ ಅಂದಿದಾರೆ, ಯಾವುದು ನೋಡ್ಲಿ ಚಿಕ್ಕಪ್ಪ ಅಂತ ಕೇಳಿದೀಯ. ಅದರ ಕೆಳಗೆ ನಿಮ್ಮ ದೊಡ್ಡಪ್ಪ, ಅವನದು ಅರ್ಧ ಪೆನಾಲ್ಟಿ, ಇನ್ನರ್ಧ ಯಾರೋ ತಂದುಕೊಟ್ಟ ಬಾಲನ್ನ ತಳ್ಳಿದ್ದು ಅಂತ ಬರೆದುಬಿಟ್ಟಿದಾರೆ. ಅಣ್ಣಾ, ಅದಕ್ಕೂ ಇದರಲ್ಲೇ ಉತ್ತರ ಇದೆ, ಪೂರ್ತಿ ಕೇಳಿ. ಟೈಪ್ ಮಾಡ್ತಾ ಕೂತ್ರೆ ರಾತ್ರಿ ಆಗುತ್ತೆ, ಬಾಯಲ್ಲೇ ಹೇಳ್ತೀನಿ.

ಮೊದಲು ಕ್ಲಿಪ್ಪಿಂದೇ ತಕರಾರು. ನೀನು ಹಾಕಿರೋದು ಬಾಲು ಅವನ ಕಾಲಿಗೆ ಬಂದ ಮೇಲೆ ಶುರುವಾಗುತ್ತೆ. ಅಷ್ಟೊತ್ತಿಗೆ ಛೆಟ್ರಿ ಕೆಲಸ ಮುಕ್ಕಾಲು ಮುಗಿದಿರುತ್ತೆ. ಅವನ ಎತ್ತರ 1.70 ಮೀಟರ್, ಅಂದ್ರೆ ಐದಡಿ ಏಳಿಂಚು. ಮೈಕಟ್ಟಲ್ಲಿ ಡಿಫೆಂಡರನ್ನ ತಳ್ಳಿ ಜಾಗ ಮಾಡ್ಕೊಳ್ಳೋ ಆಳಲ್ಲ. ಅವನು ಗೆಲ್ಲೋದು ಬಾಲು ಬರೋಕೆ ಮುಂಚೆ, ಎರಡು ಹೆಜ್ಜೆಯಲ್ಲಿ. ಅದಕ್ಕೇ ಪ್ರತಿ ಗೋಲನ್ನೂ ಐದಾರು ಸೆಕೆಂಡು ಹಿಂದಕ್ಕೆ ಎಳೆದು, ಬಾಲನ್ನ ಬಿಟ್ಟು ಅವನೊಬ್ಬನನ್ನೇ ನೋಡು. ಆಮೇಲೆ ಇನ್ನೊಂದು ಸಲ ಬಾಲನ್ನ ನೋಡು.

ಮೊದಲನೇದು ಥಾಯ್ಲೆಂಡ್ ಮೇಲೆ ಹೊಡೆದಿದ್ದು. 2019ರ ಜನವರಿ 6, ಅಬುಧಾಬಿ, ಏಷ್ಯನ್ ಕಪ್. ಅರ್ಧ ಆಟಕ್ಕೆ 1-1 ಇತ್ತು, ಸೆಕೆಂಡ್ ಹಾಫ್ ಶುರುವಾದ ತಕ್ಷಣ, 46ನೇ ನಿಮಿಷದಲ್ಲಿ. ಬಲಗಡೆಯಿಂದ ನಮ್ಮ ಉದಾಂತ ನೆಲದ ಮೇಲೆ ಬಾಲು ಕೊಡ್ತಾನೆ, ಒಳಗಿರೋ ಆಶಿಕ್ ಅದನ್ನ ಹಿಂದಕ್ಕೆ ಮುಟ್ಟಿಸ್ತಾನೆ, ಛೆಟ್ರಿ ಬಾಲು ನಿಲ್ಲಿಸದೆ ಬಂದಿದ್ದನ್ನ ಹಾಗೇ ಹೊಡೀತಾನೆ. ಈಗ ಹಿಂದಕ್ಕೆ ಎಳಿ. ಉದಾಂತ ಓಡ್ತಿರುವಾಗ ಡಿಫೆಂಡರುಗಳೆಲ್ಲ ಗೋಲಿನ ಕಡೆ ಮುಖ ಮಾಡಿ ಒಳಕ್ಕೆ ಓಡ್ತಾರೆ. ನಿನ್ನ ವಯಸ್ಸಿನ ಹುಡುಗರೂ ಅಲ್ಲಿ ಗೋಲಿನ ಬಾಯಿಗೇ ನುಗ್ತಾರೆ. ಆಗ ಏನಾಗುತ್ತೆ, ಡಿಫೆಂಡರ್ ಪಕ್ಕದಲ್ಲೇ ಹೋಗಿ ನಿಂತಂಗಾಗುತ್ತೆ, ಬಾಲು ಹಿಂದೆ ಬಂದ್ರೆ ಅಲ್ಲಿ ನಮ್ಮವರು ಒಬ್ಬರೂ ಇರಲ್ಲ. ಛೆಟ್ರಿ ಗೋಲಿನ ಮುಂದಿರೋ ಬಾಕ್ಸಿನ ಅಂಚಲ್ಲೇ ವೇಗ ಕಮ್ಮಿ ಮಾಡ್ತಾನೆ. ಅವನಿಗೆ ಸಿಕ್ಕ ಜಾಗ ಅವನು ಓಡಿ ಗಿಟ್ಟಿಸಿದ್ದಲ್ಲ, ಬೇರೆಯವರು ಓಡಿ ಬಿಟ್ಟುಹೋಗಿದ್ದು. ಹೊಡೆಯೋವಾಗ ಜೋರು ಜಾಸ್ತಿ ಇಲ್ಲ, ಬಾಲು ತಾನೇ ಎದುರಿಂದ ಬರ್ತಿದೆ, ದಿಕ್ಕು ಕೊಟ್ರೆ ಸಾಕು. ಇಲ್ಲಿ ಹುಡುಗರು ಮಾಡೋ ತಪ್ಪು ಅಂದ್ರೆ ಮೈ ಹಿಂದಕ್ಕೆ ವಾಲಿಸೋದು. ಬಾಲು ಪಕ್ಕದ ಬಿಲ್ಡಿಂಗ್ ಟೆರೇಸಿಗೆ. ಊರಿದ ಕಾಲು ಬಾಲಿನ ಪಕ್ಕಕ್ಕಿರಬೇಕು, ಮಂಡಿ ಬಾಲಿನ ಮೇಲಿರಬೇಕು.

ಎರಡನೇದು 2018ರ ಜೂನ್ 10, ಮುಂಬೈ ಅಂಧೇರಿ, ಇಂಟರ್‌ಕಾಂಟಿನೆಂಟಲ್ ಕಪ್ ಫೈನಲ್, ಕೀನ್ಯಾ ಎದುರು. ಎರಡೂ ಗೋಲು ಅವನದೇ, ನೀನು ಎರಡನೇದನ್ನ ನೋಡು, 29ನೇ ನಿಮಿಷದ್ದು. ಅನಾಸ್ ಹಿಂದಿನಿಂದ ಉದ್ದ ಬಾಲು ಎತ್ತಿ ಹಾಕ್ತಾನೆ, ಇವನು ಎದೆಯಲ್ಲಿ ಇಳಿಸಿ ಎಡಗಾಲಲ್ಲಿ ಮುಗಿಸ್ತಾನೆ. ಎದೆ ಮೇಲೆ ಬಾಲು ತಗೊಳ್ಳೋದು ಗೊತ್ತು ಅಂತ ಎಲ್ಲರೂ ಅಂತಾರೆ. ಉಸಿರು ಬಿಗಿ ಹಿಡಿದು ಎದೆ ಸೆಟೆಸಿದ್ರೆ ಬಾಲು ಗೋಡೆಗೆ ಬಡಿದಂಗೆ ಎರಡು ಮೂರಡಿ ಆಚೆ ಹಾರುತ್ತೆ, ಡಿಫೆಂಡರ್ ಪಾಲು. ಮುಟ್ಟೋ ಕ್ಷಣಕ್ಕೆ ಉಸಿರು ಬಿಡಬೇಕು, ಭುಜ ಸ್ವಲ್ಪ ಮುಂದಕ್ಕೆ ಮಡಿಸಬೇಕು, ಆಗ ಬಾಲು ಕಾಲ ಮುಂದೆ ಬೀಳುತ್ತೆ. ಆ ಗೋಲಿಗೆ ದೇಶಕ್ಕೆ ಅವನದು 64 ಆಯ್ತು, ಆ ಹೊತ್ತಿಗೆ ಮೆಸ್ಸಿದೂ ಅಷ್ಟೇ ಇತ್ತು. ಆ ಟೂರ್ನಿ ಶುರುವಲ್ಲಿ ಸ್ಟೇಡಿಯಂ ಖಾಲಿ ಹೊಡೀತಿತ್ತು, ಬನ್ನಿ ಬೈಯೋಕಾದ್ರೂ ಬನ್ನಿ ಅಂತ ಇವನೇ ವಿಡಿಯೋ ಮಾಡಿ ಜನರನ್ನ ಕರೆದಿದ್ದು.

ಮೂರನೇದು ನಮ್ಮ ಕಂಠೀರವದ್ದೇ. 2023ರ ಜೂನ್ 27, ದಕ್ಷಿಣ ಏಷ್ಯಾದ ಸ್ಯಾಫ್ ಕಪ್, ಕುವೈತ್ ಎದುರು, ಫಸ್ಟ್ ಹಾಫ್ ಮುಗಿಯೋ ಹೊತ್ತಲ್ಲಿ. ಅನಿರುದ್ಧ್ ಥಾಪಾ ಕಾರ್ನರ್, ಛೆಟ್ರಿ ವಾಲಿ, ಅಂದ್ರೆ ಬಾಲು ನೆಲ ಮುಟ್ಟೋ ಮುಂಚೆ ಹೊಡೆಯೋದು. ಕಾರ್ನರ್ ಅಂದ್ರೆ ಎಲ್ಲರೂ ತಲೆಯಲ್ಲಿ ಹೊಡೆಯೋದನ್ನೇ ಕಾಯ್ತಾರೆ, ಎತ್ತರದವರು ಎತ್ತರದವರಿಗೇ ಅಂಟ್ಕೊಂಡಿರ್ತಾರೆ. ಇವನು ಆ ಗುಂಪಿಂದ ಕಳಚ್ಕೊಂಡು ಒಂಟಿಯಾಗಿದಾನೆ. ಬಾಲು ಗಾಳಿಯಲ್ಲಿ ಬರ್ತಿದ್ದ ಹಾಗೇ ಕಾಲಿನ ಒಳಬದಿ ಕೊಟ್ಟ. ಅಷ್ಟೇ. ವಾಲಿ ಕೆಡೋದು ಕಾಲು ಬೀಸೋದ್ರಿಂದ. ಬೀಸಿದಷ್ಟೂ ಬಾಲು ಕಾಲಿನ ಎಲ್ಲೆಲ್ಲೋ ತಗಲುತ್ತೆ. ಆ ಮ್ಯಾಚು ಕೊನೆಗೆ ನಮ್ಮದೇ ಸೆಲ್ಫ್ ಗೋಲಿಂದ 1-1 ಆಯ್ತು ಅನ್ನೋದು ಬೇರೆ ಸಂಕಟ. ಜುಲೈ 4ರ ಫೈನಲಲ್ಲಿ ಅದೇ ಕುವೈತನ್ನ ಪೆನಾಲ್ಟಿಯಲ್ಲಿ ಸೋಲಿಸಿದ್ದಾಯ್ತು.

ಅಣ್ಣಾ, ನಿಮ್ಮ ಪೆನಾಲ್ಟಿ ಮಾತಿಗೆ ಬರ್ತೀನಿ. ಅದೇ ಟೂರ್ನಿಯಲ್ಲಿ ನಮ್ಮ ಮೊದಲ ಮ್ಯಾಚು, ಜೂನ್ 21, ಪಾಕಿಸ್ತಾನದ ಮೇಲೆ 4-0, ಮೂರು ಛೆಟ್ರಿದು, ಅದರಲ್ಲಿ ಎರಡು ಪೆನಾಲ್ಟಿ. ಒಪ್ಪಿದೆ. ಆದ್ರೆ ಆ ಮೊದಲನೇದು, ನೀವು ತಂದುಕೊಟ್ಟ ಬಾಲು ಅಂತಿರೋದು, 10ನೇ ನಿಮಿಷದ್ದು. ಪಾಕಿಸ್ತಾನದವರು ಕೀಪರಿಗೆ ಬಾಲು ವಾಪಸ್ ಕೊಟ್ರು, ಛೆಟ್ರಿ ಓಡೋದು ನಿಲ್ಲಿಸಲಿಲ್ಲ, ಕೀಪರ್ ಗಾಬರಿಯಲ್ಲಿ ಎಡವಿದ. ಹತ್ತು ಸಲ ಹಾಗೆ ಓಡಿದ್ರೆ ಒಂಬತ್ತು ಸಲ ಏನೂ ಸಿಗಲ್ಲ, ಬರೀ ಬೆವರು. ಹತ್ತನೇ ಸಲಕ್ಕೆ ನೀವು ದಾನ ಅಂತೀರ.

ನಾಲ್ಕನೇದು ಹೆಡರ್, ತಲೆಯಿಂದ ಹೊಡೆದಿದ್ದು. 2025ರ ಏಪ್ರಿಲ್ 6, ಗೋವಾದ ಫತೋರ್ಡಾ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೆಮಿಫೈನಲ್ ಎರಡನೇ ಲೆಗ್, ಅಂದ್ರೆ ಗೋಲು ಕೂಡಿಸಿ ಲೆಕ್ಕ ಹಾಕೋ ಎರಡು ಮ್ಯಾಚಲ್ಲಿ ಎರಡನೇದು. ಬೆಂಗಳೂರಲ್ಲಿ ನಮ್ಮ ಬೆಂಗಳೂರು ಎಫ್‌ಸಿ 2-0 ಗೆದ್ದು ಹೋಗಿತ್ತು, ಅಲ್ಲಿ ಗೋವಾ 2-0 ಮಾಡಿ ಲೆಕ್ಕ ಸಮ ಮಾಡ್ಕೊಂಡಿತ್ತು. 90 ಮುಗಿದು ಎರಡು ನಿಮಿಷ. ನಾಮ್‌ಗ್ಯಾಲ್ ಭುಟಿಯಾ ಕ್ರಾಸ್, ಛೆಟ್ರಿ ಡೈವಿಂಗ್ ಹೆಡರ್. ವಯಸ್ಸು 40. ಅವನು ಹಾರಿದ್ದು ಮೇಲಕ್ಕಲ್ಲ, ಮುಂದಕ್ಕೆ. ಎತ್ತರ ಇಲ್ಲದವನ ಹೆಡರ್ ಗುಟ್ಟೇ ಅದು ಕಣೋ. ಡಿಫೆಂಡರ್ ತಲೆ ಮೇಲೆ ಗೆಲ್ಲೋಕಾಗಲ್ಲ, ಅವನ ಮುಂದೆ ಗೆಲ್ಲಬಹುದು. ಅದಕ್ಕೆ ಮೊದಲ ಹೆಜ್ಜೆ ಸುಳ್ಳು ಹೆಜ್ಜೆ, ಒಂದಡಿ ಹಿಂದಕ್ಕೆ, ಡಿಫೆಂಡರ್ ಕೂಡ ಹಿಂದೆ ಸರೀತಾನೆ, ತಕ್ಷಣ ಎರಡನೇ ಹೆಜ್ಜೆ ಮುಂದಕ್ಕೆ.

ಇದನ್ನ ನೀನು ಭಾನುವಾರ ಟರ್ಫಲ್ಲಿ ಮೂರು ಜನ ಇಟ್ಕೊಂಡೇ ಮಾಡಬಹುದು. ಒಬ್ಬ ಆರೇಳು ಮೀಟರ್ ದೂರದಿಂದ ಕೈಯಲ್ಲೇ ಬಾಲು ಎಸೀಲಿ, ಒಬ್ಬ ನಿನ್ನ ಬೆನ್ನಿಗೆ ನಿಲ್ಲಲಿ, ನೆಲದ ಮೇಲೆ ಒಂದು ನೀರಿನ ಬಾಟ್ಲು ಇಡಿ, ಅದು ಹತ್ತಿರದ ಗೋಲುಕಂಬ ಅಂತ ಲೆಕ್ಕ. ಹಿಂದಕ್ಕೆ ಒಂದು ಹೆಜ್ಜೆ, ಬಾಟ್ಲಿನ ಕಡೆ ಎರಡು ಹೆಜ್ಜೆ, ಹಣೆ. ಮೊದಲ ಹತ್ತು ಸಲ ಹೆಡರೇ ಬೇಡ, ಬಾಲು ಕೈಯಲ್ಲಿ ಹಿಡಿ, ಸಮಯ ಕೂಡಿ ಬರಲಿ. ತಲೆಯಿಂದ ಐದಾರು ಸಾಕು, ಅದಕ್ಕಿಂತ ಜಾಸ್ತಿ ಬೇಡ. ಅಮೆರಿಕಾದ ಫುಟ್‌ಬಾಲ್ ಸಂಸ್ಥೆ 10 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಡರೇ ಬೇಡ ಅಂದಿದೆ, 11ರಿಂದ 13ರವರಿಗೆ ಪ್ರಾಕ್ಟೀಸಲ್ಲಿ ಮಿತಿ ಇಟ್ಟಿದೆ, ಸುಮ್ಸುಮ್ನೆ ಅಲ್ಲ. ಬಾಲು 4ನೇ ಸೈಜು ತಗೊ. ನಿಮ್ಮನೇಲಿರೋ 5ನೇ ಸೈಜಿಂದು 410ರಿಂದ 450 ಗ್ರಾಂ ತೂಗುತ್ತೆ, ಮೇಲಿಂದ ನೀನು ಸೈಕಲ್ ಪಂಪಲ್ಲಿ ಕಲ್ಲಿನ ಥರ ತುಂಬಿಸಿರ್ತೀಯ. ಕಣ್ಣು ಮುಚ್ಚಿದ್ರೆ ಬಾಲು ನೆತ್ತಿಗೆ ಬಡಿಯುತ್ತೆ, ನೋವೂ ಆಗುತ್ತೆ, ಮೇಲಕ್ಕೂ ಹೋಗುತ್ತೆ. ಹಣೆಯ ಮಧ್ಯಕ್ಕೆ ತಗೊಂಡು ನೆಲದ ಕಡೆ ಇಳಿಸಬೇಕು.

ಐದನೇದು 2016ರ ಅಕ್ಟೋಬರ್ 19, ಕಂಠೀರವ, ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಸೆಮಿಫೈನಲ್, ಬೆಂಗಳೂರು ಎಫ್‌ಸಿ ಎದುರು ಮಲೇಷ್ಯಾದ ಜೊಹೋರ್ ತಂಡ, ಹಿಂದಿನ ವರ್ಷದ ಚಾಂಪಿಯನ್. ಅವರು ಮೊದಲು ಹೊಡೆದ್ರು, ಛೆಟ್ರಿ 41ರಲ್ಲಿ ಕಾರ್ನರಿಂದ ಹೆಡರ್, 67ರಲ್ಲಿ ಬಾಕ್ಸಿನ ಹೊರಗಿಂದ ಒಂದು. ಅದನ್ನ ವಿವರಿಸೋಕೆ ಹೋಗಲ್ಲ, ಸುಮ್ಮನೆ ನೋಡು. 3-1. ಭಾರತದ ಕ್ಲಬ್ಬೊಂದು ಎಎಫ್‌ಸಿ ಕಪ್ ಫೈನಲ್ ಮುಟ್ಟಿದ್ದು ಅದೇ ಮೊದಲು.

ಇನ್ನು ಕೇರಳ ಬ್ಲಾಸ್ಟರ್ಸ್ ಮೇಲಿನ ಫ್ರೀಕಿಕ್. 2023ರ ಮಾರ್ಚ್ 3, ಕಂಠೀರವ, ಐಎಸ್‌ಎಲ್ ಪ್ಲೇಆಫ್, 90 ನಿಮಿಷಕ್ಕೆ 0-0. ಕೊಚ್ಚಿಯಲ್ಲಿರೋ ನಿಮ್ಮತ್ತೆ ಈ ಗ್ರೂಪಲ್ಲೇ ಇರೋದ್ರಿಂದ ಐದರ ಲೆಕ್ಕದಲ್ಲಿ ಸೇರಿಸಲ್ಲ, ಆದ್ರೆ ನಿಯಮ ಹೇಳ್ತೀನಿ. ಎಕ್ಸ್‌ಟ್ರಾ ಟೈಮಲ್ಲಿ ಫ್ರೀಕಿಕ್ ಸಿಕ್ತು, ಕೀಪರ್ ಇನ್ನೂ ಅಡ್ಡಕ್ಕೆ ಆಟಗಾರರ ಗೋಡೆ ನಿಲ್ಲಿಸ್ತಿದ್ದ, ಛೆಟ್ರಿ ಖಾಲಿ ಗೋಲಿಗೆ ಮೆಲ್ಲಗೆ ಎತ್ತಿ ಹಾಕಿದ. ಕೇರಳದವರು ಮೈದಾನ ಬಿಟ್ಟು ಹೋದ್ರು. ವಿಸಲ್ ಊದದೆ ಫ್ರೀಕಿಕ್ ಹೊಡೆಯೋದು ತಪ್ಪಲ್ಲ. ಬಾಲು ನಿಂತಿರಬೇಕು, ಫೌಲಾದ ಜಾಗದಲ್ಲಿರಬೇಕು, ಅಷ್ಟೇ. ಗೋಡೆಯನ್ನ 9.15 ಮೀಟರ್ ಹಿಂದೆ ಕಳಿಸಿ ಅಂತ ನೀನೇ ಕೇಳಿಬಿಟ್ರೆ ಮಾತ್ರ, ರೆಫರಿ ವಿಸಲ್ ಕೊಡೋ ತನಕ ಮುಟ್ಟೋ ಹಾಗಿಲ್ಲ. ಹುಡುಗರು ಇಲ್ಲೇ ಕೆಡಿಸ್ಕೊಳ್ಳೋದು. ಕೈ ಎತ್ತಿ ದೂರ ಕೇಳ್ತಾರೆ, ಆಮೇಲೆ ಬೇಗ ಹೊಡೀತಾರೆ, ರೆಫರಿ ಮತ್ತೆ ಹೊಡಿ ಅಂತಾನೆ. ಡಿಫೆಂಡ್ ಮಾಡೋವಾಗ ಒಬ್ಬ ಬಾಲಿನ ಮೇಲೆ ಕಣ್ಣಿಡಬೇಕು, ಗೋಡೆ ಆಮೇಲೆ. ಅವತ್ತು ಕೇರಳದ ಲೂನಾ ಮೊದಲು ಬಾಲಿನ ಮುಂದೇನೇ ನಿಂತಿದ್ದ, ಸರಿದ, ಮುಗೀತು. ಮರುಪಂದ್ಯ ಬೇಕು ಅಂತ ಕೇಳಿದ್ರು, ಸಿಗಲಿಲ್ಲ, ಕ್ಲಬ್ಬಿಗೆ 4 ಕೋಟಿ ದಂಡ, ಕೋಚ್‌ಗೆ 10 ಮ್ಯಾಚ್ ನಿಷೇಧ. ಅಕ್ಕಾ, ಬೇಜಾರಾಗಬೇಡಿ.

ಮತ್ತೆ ಅಭಿ, ಕಂಠೀರವಕ್ಕೆ ಹೋಗೋದಾದ್ರೆ ಕೆಳಗಿನ ಸಾಲಲ್ಲಿ ಕೂರಬೇಡ. ಮಧ್ಯೆ ಅಥ್ಲೆಟಿಕ್ಸ್ ಟ್ರ್ಯಾಕ್ ಇದೆ, ಮೈದಾನ ದೂರ, ಒಬ್ಬರ ಮೇಲೊಬ್ಬರು ಕಾಣ್ತಾರೆ, ಈ ಎರಡು ಹೆಜ್ಜೆ ಆಟ ಏನೂ ಗೊತ್ತಾಗಲ್ಲ. ಪಕ್ಕದ ಸ್ಟ್ಯಾಂಡಲ್ಲಿ ಮೇಲಿನ ಸಾಲು ನೋಡ್ಕೊ. ಬಾಲು ಕೊಳ್ಳೋಕೆ ಹೋಗುವಾಗ ನಂಗೊಂದು ಫೋನ್ ಮಾಡು, ಸೈಜ್ 4 ಅಂತ ಕೇಳು, ಕಿವಿಗೆ ಬಿದ್ದಿದ್ದು 5 ಆಗದೇ ಇರಲಿ.